ನೆಲದಡಿಯ ಕೊಳವೆಗೆ ನಕ್ಷೆ ಬೇಕು, ನಕ್ಷೆಗೆ ಒಡೆಯ ಬೇಕು



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಅವರು ಬದುಕಿನುದ್ದಕ್ಕೂ ಊರುಗಳಿಗೆ ನೀರು ಮುಟ್ಟಿಸುವ ಕೆಲಸ ಮಾಡಿದವರು. ಅವರ ನೆನಪಿನಲ್ಲಿ ಮಾತಾಡಲು ಕರೆದಾಗ ನದಿ, ಅಣೆಕಟ್ಟು, ಬರಗಾಲ, ಜಲವಿವಾದ ಇವುಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳಬಹುದಿತ್ತು. ಅವುಗಳ ಬಗ್ಗೆ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಊರಿನ ಓವರ್‌ಹೆಡ್ ಟ್ಯಾಂಕಿನಿಂದ ನಿಮ್ಮ ಮನೆಯ ನಳದವರೆಗಿನ ಎರಡು ಮೂರು ಕಿಲೋಮೀಟರ್ ದಾರಿಯ ಬಗ್ಗೆ ಮಾತಾಡುವವರು ಕಡಿಮೆ. ಆ ದಾರಿ ಮಣ್ಣಿನಡಿ ಇದೆ, ಕಣ್ಣಿಗೆ ಬೀಳುವುದಿಲ್ಲ. ಕೊಳವೆ ಎಲ್ಲಿ ಹಾದುಹೋಗಿದೆ, ಎಷ್ಟು ಆಳದಲ್ಲಿದೆ, ಯಾವ ಕಾಲದ್ದು, ಅದನ್ನು ಬಂದ್ ಮಾಡುವ ವಾಲ್ವ್ ಯಾವುದು ಎಂಬುದನ್ನೆಲ್ಲ ಕಂಪ್ಯೂಟರಿನ ನಕ್ಷೆಯಲ್ಲಿ ಬರೆದಿಡುವ ಕೆಲಸ ಇವತ್ತಿನ ನನ್ನ ವಿಷಯ. ಜಿಐಎಸ್ ಎಂದು ಇಲಾಖೆಗಳಲ್ಲಿ ಎಲ್ಲರೂ ಕರೆಯುವುದು ಇದನ್ನೇ.

ದೊಡ್ಡ ಊರಿನಿಂದ ಶುರು ಮಾಡುತ್ತೇನೆ. ಬೆಂಗಳೂರಿಗೆ ಕೊಳವೆಯ ನೀರು ಮೊದಲು ಬಂದದ್ದು 1896ರಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು, 1964ರಲ್ಲಿ ಜಲಮಂಡಳಿ ಹುಟ್ಟಿತು, 1974ರಲ್ಲಿ ಕಾವೇರಿಯ ಮೊದಲ ಹಂತ ಮುಗಿಯಿತು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರನ್ನು ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ಕೊಡುವ ಯೋಜನೆಯಾಯಿತು. ಈ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪು ಹಾಕಿ ಎತ್ತುತ್ತಾರೆ. ಇಷ್ಟು ವಿದ್ಯುತ್ತು ಸುಟ್ಟು, ಶುದ್ಧ ಮಾಡಿ ತಂದ ನೀರಿನಲ್ಲಿ ದೊಡ್ಡ ಪಾಲು ಊರೊಳಗೆ ಬಂದ ಮೇಲೆ ಲೆಕ್ಕ ತಪ್ಪಿಹೋಗುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಹೀಗೆ ಲೆಕ್ಕಕ್ಕೆ ಸಿಗದ ನೀರು ಅರ್ಧದ ಹತ್ತಿರ ಇತ್ತು. ಈಗ ಗಣನೀಯವಾಗಿ ಇಳಿದಿದೆ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಗೊತ್ತುಮಾಡಿದ ಮಾನದಂಡದ ಪ್ರಕಾರ ಅದು ನೂರಕ್ಕೆ 20 ದಾಟಬಾರದು. ನಮ್ಮ ಬಹುತೇಕ ಊರುಗಳು ಆ ಗೆರೆಯಿಂದ ದೂರವೇ ಉಳಿದಿವೆ.

ಲೆಕ್ಕಕ್ಕೆ ಸಿಗದ ನೀರೆಂದರೆ ಎಲ್ಲವೂ ಸೋರಿಕೆಯಲ್ಲ. ಕೆಟ್ಟ ಮೀಟರಿನಲ್ಲಿ, ಕಳ್ಳ ಸಂಪರ್ಕದಲ್ಲಿ, ಬಿಲ್ಲೇ ಹೋಗದ ಮನೆಗಳಲ್ಲಿ ಒಂದಷ್ಟು ಹೋಗುತ್ತದೆ. ಆದರೆ ಸೋರಿಕೆಯ ಪಾಲು ಸಣ್ಣದಲ್ಲ. ವಿದ್ಯಾರ್ಥಿಗಳು ಇದನ್ನು ಮನೆಗೆ ಹೋಗಿ ಲೆಕ್ಕ ಹಾಕಿ ನೋಡಲಿ: ಕೊಳವೆಯಲ್ಲಿ ಐದು ಮಿಲಿಮೀಟರಿನ ಒಂದು ತೂತು, ಹತ್ತು ಮೀಟರಿನಷ್ಟು ನೀರಿನ ಒತ್ತಡ. ಇಪ್ಪತ್ತನಾಲ್ಕು ಗಂಟೆಯಲ್ಲಿ ಅಂದಾಜು 14 ಸಾವಿರ ಲೀಟರ್ ಹೊರಗೆ ಹೋಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆ ಹಿಡಿದರೆ ಅದು ನೂರು ಜನರ ನೀರು. ಅವರೆಕಾಳಿಗಿಂತ ಸಣ್ಣ ತೂತು ಅದು. ರಸ್ತೆಯ ಮೇಲೆ ನೀರು ಉಕ್ಕಿದರೆ ಯಾರಾದರೂ ಫೋನು ಮಾಡುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಮರಳು ಮಣ್ಣಿನಲ್ಲಿ, ಇಲ್ಲವೇ ಚರಂಡಿಯ ಪಕ್ಕದಲ್ಲಿ ಆದ ತೂತು ಸದ್ದಿಲ್ಲದೆ ವರ್ಷಗಟ್ಟಲೆ ಹರಿಯುತ್ತಲೇ ಇರುತ್ತದೆ. ಅದನ್ನು ಹುಡುಕಬೇಕಾದರೆ ಕೊಳವೆ ಎಲ್ಲಿದೆ ಎಂಬುದು ಮೊದಲು ಗೊತ್ತಿರಬೇಕು. ನಮ್ಮ ಊರುಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ.

ಉತ್ತರ ಕರ್ನಾಟಕದ ಒಂದು ಊರಿನ ಹಳೇ ಪೇಟೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ, ಯಾವ ಊರಿನಲ್ಲಾದರೂ ನಡೆಯಬಹುದಾದದ್ದು. ರಾತ್ರಿ ಹೊತ್ತು ದೊಡ್ಡ ಪೈಪೊಂದು ಒಡೆದು ಅಂಗಡಿಗಳಿಗೆ ನೀರು ನುಗ್ಗಿತ್ತು. ಕಚೇರಿಯಲ್ಲಿದ್ದ ಹಳೆಯ ಡ್ರಾಯಿಂಗ್ ತಂದು ಜೀಪಿನ ಬಾನೆಟ್ ಮೇಲೆ ಹರಡಿದೆವು. ಅದರಲ್ಲಿ ಪೈಪು ರಸ್ತೆಯ ಎಡ ಅಂಚಿನಲ್ಲಿತ್ತು. ಎಡ ಅಂಚಿನಲ್ಲಿ ಜೆಸಿಬಿ ಅಗೆಯಿತು, ಆಳೆತ್ತರದ ಗುಂಡಿಯಾಯಿತು. ಟೆಲಿಫೋನ್ ಕೇಬಲ್ ಸಿಕ್ಕಿತು, ಹಳೆಯ ಚರಂಡಿಯ ಕಲ್ಲು ಸಿಕ್ಕಿತು, ಪೈಪು ಸಿಗಲಿಲ್ಲ. ಕೊನೆಗೆ ಯಾರೋ ಹೋಗಿ ನಿವೃತ್ತರಾಗಿದ್ದ ವಾಲ್ವ್‌ಮನ್ ಒಬ್ಬರನ್ನು ಮಗನ ಬೈಕಿನ ಮೇಲೆ ಕೂರಿಸಿಕೊಂಡು ಬಂದರು. ಅವರು ಗುಂಡಿಯ ಕಡೆ ನೋಡಲೇ ಇಲ್ಲ. ಎದುರಿನ ಗುಡಿಯ ಕಟ್ಟೆ ನೋಡಿದರು, ಒಂದು ಅಂಗಡಿಯ ಮೆಟ್ಟಿಲು ನೋಡಿದರು. "ಅಲ್ಲಿ ಯಾಕ ಅಗಿಯಾಕ ಹತ್ತೀರಿ ಸಾಹೇಬ್ರ? ರಸ್ತಾ ಅಗಲ ಮಾಡಿದ ಮ್ಯಾಲೆ ಪೈಪು ನಡು ರಸ್ತಾಕ್ಕ ಬಂದೈತಿ. ಈ ಕಟ್ಟಿಯಿಂದ ಆರು ಹೆಜ್ಜಿ ಹಿಡೀರಿ" ಎಂದರು. ಆರು ಹೆಜ್ಜೆಗೆ ಪೈಪು ಸಿಕ್ಕಿತು. ಬಂದ್ ಮಾಡಬೇಕಾದ ವಾಲ್ವ್ ಡಾಂಬರಿನಡಿ ಹೂತುಹೋಗಿತ್ತು. ಅದನ್ನೂ ಅವರೇ ತೋರಿಸಿದರು. ಫಿಟ್ಟರ್ ಹುಡುಗ ಕೀಲಿ ಹಾಕಿ ಬಲಕ್ಕೆ ತಿರುಗಿಸಲು ಹೋದಾಗ ಅವನ ಕೈ ಹಿಡಿದು ನಿಲ್ಲಿಸಿದರು: "ಇದು ಉಲ್ಟಾ ವಾಲ್ವ್ ತಮ್ಮಾ, ಎಡಕ್ಕ ತಿರುವು. ಹದಿನಾಕು ಸುತ್ತು."

ಆ ಮನುಷ್ಯ ಡ್ರಾಯಿಂಗ್ ಓದುವವರಲ್ಲ. ಇಲಾಖೆ ಅವರಿಗೆ ಕೊನೆಯ ದಿನ ಒಂದು ಶಾಲು ಹೊದಿಸಿ ಕಳಿಸಿತ್ತು. ಆ ಪೇಟೆಯ ನೆಲದಡಿ ಏನಿದೆ ಎಂಬುದು ಅವರ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ನಮ್ಮ ರಾಜ್ಯದ ಊರೂರಿನಲ್ಲಿ ಇಂಥ ಹಿರಿಯರು ಮನೆಯಲ್ಲಿ ಕೂತಿದ್ದಾರೆ. ಅವರು ಇರುವಾಗಲೇ ಅವರನ್ನು ಕರೆದುಕೊಂಡು ಬೀದಿ ಬೀದಿ ನಡೆದು, ಅವರು ತೋರಿಸಿದ್ದನ್ನು ಗುರುತು ಹಾಕಿ, ಆ ದಿನದ ಕೂಲಿಯನ್ನು ಗೌರವದಿಂದ ಕೊಡುವ ಕೆಲಸ ಎಲ್ಲ ಸರ್ವೇಗಳಿಗಿಂತ ಮೊದಲು ನಡೆಯಬೇಕು. ನಕ್ಷೆಯ ಯೋಜನೆಗಳಿಗೆ ಕೋಟಿಗಟ್ಟಲೆ ಹಣ ಇಡುತ್ತೇವೆ. ಈ ಒಂದು ಬಾಬ್ತಿಗೆ ಹಣ ಇಟ್ಟ ಅಂದಾಜು ಪಟ್ಟಿಯನ್ನು ನಾನು ನೋಡಿಲ್ಲ.

ಈಗ ನಕ್ಷೆಯ ವಿಷಯಕ್ಕೆ ಬರುತ್ತೇನೆ. ಪರದೆಯ ಮೇಲೆ ನೀಲಿ ಗೆರೆಗಳು ಕಾಣುತ್ತವೆ, ಜನ ಅದನ್ನು ಚಿತ್ರವೆಂದು ತಿಳಿಯುತ್ತಾರೆ. ಗೆರೆಯ ಹಿಂದೆ ಒಂದು ಪಟ್ಟಿ ಇರುತ್ತದೆ, ಕೆಲಸಕ್ಕೆ ಬರುವುದು ಆ ಪಟ್ಟಿ. ಮೊದಲನೆಯದಾಗಿ, ಒಂದು ತುಂಡು ಕೊಳವೆಗೆ ಅದರ ವ್ಯಾಸ, ಯಾವುದರಿಂದ ಮಾಡಿದ್ದು, ಹಾಕಿದ ವರ್ಷ, ಆಳ, ಎಷ್ಟು ಸಲ ಒಡೆದಿದೆ ಎಂಬುದೆಲ್ಲ ಸೇರಿರಬೇಕು. ನಮ್ಮ ಊರುಗಳ ನೆಲದಡಿ ಬೀಡು ಕಬ್ಬಿಣ ಇದೆ, ಆಸ್ಬೆಸ್ಟಾಸ್ ಸಿಮೆಂಟ್ ಇದೆ, ಡಕ್ಟೈಲ್ ಕಬ್ಬಿಣದ ಡಿಐ ಇದೆ, ಸತು ಲೇಪಿಸಿದ ಜಿಐ ಇದೆ, ಪಿವಿಸಿ, ಎಚ್‌ಡಿಪಿಇ ಇವೆ. ಒಂದೊಂದು ಒಂದೊಂದು ರೀತಿ ಕೆಡುತ್ತದೆ. ಬೀಡು ಕಬ್ಬಿಣ ಒಳಗೆ ತುಕ್ಕು ಕಟ್ಟಿ ಕಿರಿದಾಗುತ್ತದೆ, ಸೀಸ ಹಾಕಿದ ಕೂಡಿಕೆಗಳಲ್ಲಿ ಸೋರುತ್ತದೆ. ಆಸ್ಬೆಸ್ಟಾಸ್ ಕೊಳವೆ ಮೇಲೆ ಭಾರ ಬಿದ್ದರೆ ಅಡ್ಡಲಾಗಿ ಸೀಳುತ್ತದೆ. ಮನೆ ಸಂಪರ್ಕದ ಜಿಐ ಕೊಳವೆ ಚರಂಡಿ ದಾಟುವ ಜಾಗದಲ್ಲಿ ಕೊರೆದುಹೋಗುತ್ತದೆ. ಯಾವ ಬೀದಿಯಲ್ಲಿ ಯಾವ ಕೊಳವೆ ಎಷ್ಟು ಸಲ ಒಡೆದಿದೆ ಎಂದು ಹತ್ತು ವರ್ಷದ ಲೆಕ್ಕ ಕೈಯಲ್ಲಿದ್ದರೆ, ಮುಂದಿನ ವರ್ಷ ಬದಲಿಸಬೇಕಾದ ಮೂರು ಕಿಲೋಮೀಟರ್ ಯಾವುದು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಲೆಕ್ಕ ಇಲ್ಲದಿದ್ದರೆ ಯಾವ ಪಾಲಿಕೆ ಸದಸ್ಯರ ದನಿ ದೊಡ್ಡದೋ ಆ ವಾರ್ಡಿಗೆ ಹೊಸ ಪೈಪು ಹೋಗುತ್ತದೆ. ಈ ಮಾತಿಗೆ ಇಲ್ಲಿ ಕೂತಿರುವ ಸದಸ್ಯರು ಬೇಸರ ಮಾಡಿಕೊಳ್ಳಬಾರದು. ಲೆಕ್ಕ ಕೊಡದೆ ನಿಮ್ಮನ್ನು ಆ ಸ್ಥಿತಿಯಲ್ಲಿ ನಿಲ್ಲಿಸಿದವರು ನಾವು ಎಂಜಿನಿಯರುಗಳೇ.

ಎರಡನೆಯದು, ಕೊಳವೆ ಯಾವುದಕ್ಕೆ ಕೂಡಿದೆ ಎಂಬುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳಷ್ಟು ನಕ್ಷೆಗಳು ಇಲ್ಲಿ ದಾರಿ ತಪ್ಪಿವೆ. ಒಂದು ಸರ್ಕಲ್ ಇದೆ ಎಂದುಕೊಳ್ಳಿ. ಪೂರ್ವ ಪಶ್ಚಿಮವಾಗಿ ಒಂದು ಹಳೆಯ ಎಂಟಿಂಚಿನ ಕೊಳವೆ, ಉತ್ತರ ದಕ್ಷಿಣವಾಗಿ ಹೊಸದಾಗಿ ಹಾಕಿದ ಆರಿಂಚಿನದು. ಕಾಗದದ ಮೇಲೆ ಎರಡು ಗೆರೆ ಒಂದನ್ನೊಂದು ದಾಟುತ್ತವೆ. ನೆಲದಡಿ ಅವು ಒಂದಕ್ಕೊಂದು ಕೂಡಿವೆಯೇ, ಇಲ್ಲ ಒಂದು ಇನ್ನೊಂದರ ಮೇಲೆ ಅರ್ಧ ಮೀಟರ್ ಎತ್ತರದಲ್ಲಿ ಸುಮ್ಮನೆ ಹಾದುಹೋಗಿದೆಯೇ? ಚಿತ್ರ ಬರೆಯುವವನಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಹಾಗಲ್ಲ. ಕೂಡಿವೆ ಎಂದು ಬರೆದರೆ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಪೈಪು ಒಡೆದಾಗ ಯಾವ ವಾಲ್ವ್ ಬಂದ್ ಮಾಡಬೇಕು ಎಂದು ಕೇಳಿದರೆ, ಆ ಸುಳ್ಳು ಕೂಡಿಕೆಯನ್ನು ನಂಬಿ ಬೇರೆ ಬೀದಿಯ ವಾಲ್ವ್ ತೋರಿಸುತ್ತದೆ. ಮೂರು ಬೀದಿಗೆ ನೀರು ನಿಲ್ಲುತ್ತದೆ, ಒಡೆದ ಪೈಪು ಹರಿಯುತ್ತಲೇ ಇರುತ್ತದೆ. ಒಂದು ಸಲ ಹೀಗಾದರೆ ಫಿಟ್ಟರುಗಳು ಆ ನಕ್ಷೆಯನ್ನು ಮತ್ತೆ ತೆರೆಯುವುದಿಲ್ಲ. ಅವರದು ತಪ್ಪಲ್ಲ. ಸರಿಯಾಗಿ ಕಟ್ಟಿದ ನಕ್ಷೆಯಲ್ಲಿ ಒಡೆದ ಜಾಗದ ಮೇಲೆ ಬೆರಳಿಟ್ಟರೆ ಮುಚ್ಚಬೇಕಾದ ಎರಡೋ ಮೂರೋ ವಾಲ್ವ್, ಅದರಿಂದ ನೀರು ನಿಲ್ಲುವ ಮನೆಗಳ ಪಟ್ಟಿ, ಆ ಪಟ್ಟಿಯಲ್ಲಿ ಆಸ್ಪತ್ರೆಯೋ ಹಾಸ್ಟೆಲ್ಲೋ ಇದ್ದರೆ ಟ್ಯಾಂಕರ್ ಕಳಿಸಬೇಕೆಂಬ ಸೂಚನೆ, ಎಲ್ಲ ಒಂದೇ ನಿಮಿಷದಲ್ಲಿ ಸಿಗುತ್ತದೆ. ಉಲ್ಟಾ ತಿರುಗುವ ವಾಲ್ವ್ ಯಾವುದು, ಎಷ್ಟು ಸುತ್ತು ಎಂಬುದೂ ಅದರಲ್ಲಿರಬೇಕು.

ಮೂರನೆಯದು, ಎಲ್ಲಿದೆ ಎಂಬುದು. ಇದು ಸುಲಭ ಎಂದು ಎಲ್ಲರೂ ತಿಳಿದಿರುತ್ತಾರೆ. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೀಚೆ ಹೇಳುತ್ತದೆ. ಓಣಿಯಲ್ಲಿ, ಎರಡೂ ಕಡೆ ಮಾಳಿಗೆ ಮನೆಗಳಿರುವಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ಓಣಿಯ ಅಗಲವೇ ನಾಲ್ಕು ಮೀಟರ್ ಇರುವಾಗ ಆ ಗುರುತಿನಿಂದ ಗುಂಡಿ ತೋಡಲಾಗದು. ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ಸರ್ವೇ ಉಪಕರಣಗಳಿವೆ, ಅವನ್ನು ಬಳಸಬೇಕು. ಜೊತೆಗೆ ಟೇಪು ಹಿಡಿದು ಗಟ್ಟಿಯಾದ ಎರಡು ಗುರುತುಗಳಿಂದ ಅಳತೆ ಬರೆಯುವ ಹಳೆಯ ಪದ್ಧತಿಯನ್ನೂ ಬಿಡಬಾರದು. ರಸ್ತೆ ಅಗಲವಾದರೆ ಗೋಡೆ ಹೋಗುತ್ತದೆ, ಅಕ್ಷಾಂಶ ರೇಖಾಂಶ ಉಳಿಯುತ್ತದೆ. ಉಪಕರಣ ಕೈಯಲ್ಲಿಲ್ಲದ ರಾತ್ರಿ ಟೇಪಿನ ಅಳತೆ ಕೆಲಸಕ್ಕೆ ಬರುತ್ತದೆ. ಹಳೆಯ ಹಾಳೆಗಳನ್ನು ಹೊಸ ನಕ್ಷೆಗೆ ತರುವಾಗ ಇನ್ನೊಂದು ತೊಡಕು. ಸರ್ವೇ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಎಂಬ ಹಳೆಯ ಲೆಕ್ಕ ಹಿಡಿದಿದ್ದವು, ಉಪಗ್ರಹಗಳು ಬೇರೆ ಲೆಕ್ಕ ಹಿಡಿಯುತ್ತವೆ. ಇದನ್ನು ಗಮನಿಸದೆ ಒಂದರ ಮೇಲೊಂದು ಕೂರಿಸಿದರೆ ಊರಿನ ಕೊಳವೆಗಳೆಲ್ಲ ನೂರಾರು ಅಡಿ ಸರಿದು ಮನೆಗಳೊಳಗೆ ಹಾದುಹೋದಂತೆ ಕಾಣುತ್ತವೆ. ಲೋಹದ ಕೊಳವೆಯನ್ನು ಮೇಲಿನಿಂದಲೇ ಪತ್ತೆ ಮಾಡುವ ಯಂತ್ರವಿದೆ. ಪ್ಲಾಸ್ಟಿಕ್ ಕೊಳವೆ ಅದಕ್ಕೆ ಸಿಗುವುದಿಲ್ಲ. ಈಗ ಹಾಕುತ್ತಿರುವುದರಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ ಆದ್ದರಿಂದ, ಹಾಕುವ ದಿನ ಬರೆದಿಡದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಅದನ್ನು ಹುಡುಕುವುದು ನಮಗಿಂತ ಕಷ್ಟವಾಗುತ್ತದೆ.

ಆದ್ದರಿಂದ ಪ್ರತಿ ಗೆರೆಯ ಪಕ್ಕದಲ್ಲಿ ಒಂದು ಮಾಹಿತಿ ಕಡ್ಡಾಯವಾಗಿ ಇರಬೇಕೆಂದು ನನ್ನ ಒತ್ತಾಯ: ಇದು ನಮಗೆ ಹೇಗೆ ಗೊತ್ತಾಯಿತು? ಗುಂಡಿ ತೆಗೆದು ಕಣ್ಣಾರೆ ನೋಡಿದ್ದೋ, ಯಂತ್ರ ಹೇಳಿದ್ದೋ, ವಾಲ್ವ್‌ಮನ್ ನೆನಪಿನಿಂದ ಹೇಳಿದ್ದೋ, ಹಳೆಯ ಹಾಳೆಯಿಂದ ಎತ್ತಿದ್ದೋ? ಬ್ರಿಟನ್ನಿನಲ್ಲಿ 2014ರಲ್ಲಿ ಬಂದ ಪಿಎಎಸ್ 128 ಎಂಬ ಮಾನದಂಡ ಇದಕ್ಕೆ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ ಮಾಡಿದೆ. ತೆರೆದು ನೋಡಿದ್ದು ಎ, ಕಾಗದದಿಂದ ಎತ್ತಿದ್ದು ಡಿ. ನಾವು ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ತೋರಿಸಿದರೂ ಸಾಕು. ನಕ್ಷೆಯಲ್ಲಿ ಎಲ್ಲ ಗೆರೆಯೂ ಒಂದೇ ನೀಲಿಯಲ್ಲಿ, ಒಂದೇ ದಪ್ಪದಲ್ಲಿ ಇದ್ದಾಗ ಊಹೆಯೂ ಸತ್ಯದ ವೇಷ ಹಾಕಿಕೊಂಡು ಕೂರುತ್ತದೆ.

ನಕ್ಷೆ ಇಷ್ಟು ಗಟ್ಟಿಯಾದರೆ ಅದರ ಮೇಲೆ ಮುಂದಿನ ಕೆಲಸಗಳು ನಿಲ್ಲುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಬಿಡುಗಡೆ ಮಾಡಿದ ಎಪಾನೆಟ್ ಎಂಬ ಉಚಿತ ತಂತ್ರಾಂಶಕ್ಕೆ ಈ ಜಾಲವನ್ನು ಕೊಟ್ಟರೆ ಯಾವ ಬೀದಿಯ ತುದಿಯಲ್ಲಿ ಒತ್ತಡ ಎಷ್ಟಿರಬೇಕು ಎಂದು ಹೇಳುತ್ತದೆ. ಹೋಗಿ ಗೇಜು ಹಾಕಿ ನೋಡಿದಾಗ ಒತ್ತಡ ಅದಕ್ಕಿಂತ ಬಹಳ ಕಡಿಮೆ ಇದ್ದರೆ ಅಲ್ಲಿ ಏನೋ ಇದೆ: ಅರ್ಧ ಮುಚ್ಚಿದ ವಾಲ್ವ್, ತುಕ್ಕು ಕಟ್ಟಿದ ಕೊಳವೆ, ಇಲ್ಲವೇ ಸೋರಿಕೆ. ಊರನ್ನು ಒಂದೆರಡು ಸಾವಿರ ಸಂಪರ್ಕಗಳ ವಲಯಗಳಾಗಿ ಒಡೆದು, ಪ್ರತಿ ವಲಯದ ಬಾಯಲ್ಲಿ ಒಂದು ಮೀಟರ್ ಕೂರಿಸುವ ಪದ್ಧತಿಯೂ ಇದೆ. ಬೆಳಗಿನ ಜಾವ ಎರಡರಿಂದ ನಾಲ್ಕರವರೆಗೆ ಜನ ಮಲಗಿರುತ್ತಾರೆ. ಆಗಲೂ ಆ ಮೀಟರ್ ಜೋರಾಗಿ ತಿರುಗುತ್ತಿದ್ದರೆ ನೀರು ಮಣ್ಣಿಗೆ ಹೋಗುತ್ತಿದೆ. ನಮ್ಮಲ್ಲಿ ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ರಾತ್ರಿ ಹೊತ್ತು ಮನೆ ಮನೆಯ ಸಂಪು, ಸಿಂಟೆಕ್ಸ್ ತುಂಬುತ್ತಿರುತ್ತವೆ. ಪುಸ್ತಕದ ಸೂತ್ರವನ್ನು ಹಾಗೇ ಹಾಕಿದರೆ ತುಂಬುತ್ತಿರುವ ಸಂಪೂ ಸೋರಿಕೆಯ ಲೆಕ್ಕಕ್ಕೆ ಬೀಳುತ್ತದೆ. ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಂತೂ ಕೊಳವೆಯೇ ಖಾಲಿ ಇರುವಾಗ ರಾತ್ರಿಯ ಹರಿವು ಅಳೆಯುವುದೆಲ್ಲಿ ಬಂತು?

ಈ ಸರದಿ ನೀರಿನ ಮಾತು ಬಂದಾಗ ಹುಬ್ಬಳ್ಳಿ ಧಾರವಾಡವನ್ನು ಬಿಟ್ಟು ಮುಂದೆ ಹೋಗಲಾಗದು. ನವಿಲುತೀರ್ಥದ ಮಲಪ್ರಭೆ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಅವಳಿ ನಗರಕ್ಕೆ ಬರುತ್ತದೆ. ಅಷ್ಟಿದ್ದೂ ವಾರಕ್ಕೊಮ್ಮೆ ನಳ ಬರುವುದನ್ನು ಕಾಯುತ್ತ ಕೊಡ, ಬ್ಯಾರೆಲ್ ತುಂಬಿಸಿಕೊಂಡ ಮನೆಗಳು ಈ ಸಭೆಯಲ್ಲಿರುವವರವೇ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿಯ ಐದು ಪ್ರಾಯೋಗಿಕ ವಲಯಗಳಿಗೆ 2008ರ ಸುಮಾರಿಗೆ ದಿನದ 24 ಗಂಟೆ ನೀರು ಕೊಟ್ಟರು. ಸುಮಾರು 25 ಸಾವಿರ ಸಂಪರ್ಕ. ಅಲ್ಲಿ ಹಳೆಯ ಜಾಲವನ್ನು ಬಹುತೇಕ ಪೂರ್ತಿಯಾಗಿ ಬದಲಿಸಬೇಕಾಯಿತು. ನೆಲದಡಿ ಏನಿದೆ, ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ನಂಬುವಂಥ ದಾಖಲೆ ಇಲ್ಲದ ಕಡೆ ಒಳ್ಳೆಯ ಕೊಳವೆ ಯಾವುದು, ಕೆಟ್ಟದ್ದು ಯಾವುದು ಎಂದು ಆರಿಸುವುದು ಆಗದ ಮಾತು. ದಾಖಲೆ ಇಡದ ತಪ್ಪಿಗೆ ತೆರುವ ಬೆಲೆ ಇಷ್ಟು ದೊಡ್ಡದು.

ಹುಬ್ಬಳ್ಳಿ ಧಾರವಾಡದಲ್ಲಿಯೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ಪಾಲಿಕೆ ಸದಸ್ಯರೂ ತಿಳಿದಿರಬೇಕು. ಒಂದೇ ಶುದ್ಧೀಕರಣ ಘಟಕದ ನೀರು ಎರಡು ಕಡೆ ಹೋಗುತ್ತದೆ. ನಿರಂತರ ನೀರಿನ ವಲಯದ ನಳಗಳಲ್ಲಿ ಮಲದ ಸೂಚಕವಾದ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿದ್ದು ನೂರು ಮಾದರಿಯಲ್ಲಿ ಒಂದಕ್ಕಿಂತ ಕಡಿಮೆ. ಸರದಿ ನೀರಿನ ವಲಯದಲ್ಲಿ ಸುಮಾರು ಮೂರರಲ್ಲಿ ಒಂದು. ಕಾರಣ ಸರಳ. ಕೊಳವೆಯಲ್ಲಿ ನೀರು ತುಂಬಿ ಒತ್ತಡವಿದ್ದಾಗ ತೂತಿನಿಂದ ನೀರು ಹೊರಗೆ ಹೋಗುತ್ತದೆ. ನೀರು ನಿಲ್ಲಿಸಿ ಕೊಳವೆ ಬರಿದಾದಾಗ ಅದೇ ತೂತಿನಿಂದ ಸುತ್ತಲಿನ ಚರಂಡಿ ನೀರು ಒಳಗೆ ಬರುತ್ತದೆ. ಮುಂದಿನ ಸಲ ನಳ ಬಂದಾಗ ಮೊದಲು ಬೀಳುವ ನೀರು ಅದು. 2015ರಲ್ಲಿ ಬಂದ ಇನ್ನೊಂದು ಅಧ್ಯಯನ ನಿರಂತರ ನೀರಿನ ಮನೆಗಳಲ್ಲಿ ವಿಷಮಶೀತ ಜ್ವರ ಕಡಿಮೆ ಇದ್ದುದನ್ನು ಕಂಡಿತು, ಚಿಕ್ಕ ಮಕ್ಕಳ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬರೀ ನೀರಿನಿಂದ ಎಲ್ಲ ರೋಗ ನಿಲ್ಲುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದರೆ ನಕ್ಷೆಯ ಮಟ್ಟಿಗೆ ಇದರ ಪಾಠ ಸ್ಪಷ್ಟ. ನೀರಿನ ಕೊಳವೆಯ ನಕ್ಷೆ ಮತ್ತು ಒಳಚರಂಡಿಯ ನಕ್ಷೆ ಎರಡೂ ಒಂದೇ ಪರದೆಯ ಮೇಲೆ ಇರಬೇಕು. ಇವೆರಡೂ ಹತ್ತಿರ ಹಾದುಹೋಗುವ, ಅಡ್ಡ ದಾಟುವ ಜಾಗಗಳಿಂದಲೇ ಪರೀಕ್ಷೆಗೆ ನೀರಿನ ಮಾದರಿ ತೆಗೆಯಬೇಕು. ಈಗ ಮಾದರಿ ತೆಗೆಯುವುದು ಹೆಚ್ಚಾಗಿ ಯಾರ ಮನೆ ಬಾಗಿಲು ತೆರೆದಿದೆಯೋ ಅಲ್ಲಿಂದ.

ಹುಬ್ಬಳ್ಳಿಯದೇ ಇನ್ನೊಂದು ಪ್ರಯೋಗ. ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಸುಮಾರು 2010ರ ಹೊತ್ತಿಗೆ ಇಲ್ಲಿ ಶುರುವಾಯಿತು. ವಾಲ್ವ್‌ಮನ್ ನೀರು ಬಿಟ್ಟ ಕೂಡಲೇ ಫೋನಿನಲ್ಲಿ ತಿಳಿಸಬೇಕು, ಆ ಓಣಿಯ ಮನೆಗಳಿಗೆ ಎಸ್‌ಎಂಎಸ್ ಹೋಗಬೇಕು. ಒಳ್ಳೆಯ ಆಲೋಚನೆ. ಕೆಲಸ ಬಿಟ್ಟು ನೀರಿಗಾಗಿ ಕಾಯುವ ಹೆಣ್ಣುಮಕ್ಕಳ ದಿನವನ್ನು ಉಳಿಸಬಲ್ಲ ಆಲೋಚನೆ. ಇದು ಬೆಂಗಳೂರಿಗೆ ಹೋದಾಗ ತನು ಕುಮಾರ್, ಆಲಿಸನ್ ಪೋಸ್ಟ್ ಮತ್ತು ಇಷಾ ರೇ ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಬರೆದರು. ಬಹಳಷ್ಟು ಮನೆಗಳಿಗೆ ಸರಿಯಾದ ಸಂದೇಶ ಸರಿಯಾದ ಹೊತ್ತಿಗೆ ಮುಟ್ಟಿರಲಿಲ್ಲ. ಮಾಹಿತಿಯ ಸರಪಳಿ ತುಂಡಾದದ್ದು ಮುಖ್ಯವಾಗಿ ವಾಲ್ವ್‌ಮನ್ ಹತ್ತಿರ. ಇದನ್ನು ಓದಿ ಅವರನ್ನು ದೂರುವುದು ಸುಲಭ. ಹತ್ತಾರು ವಾಲ್ವ್ ತಿರುಗಿಸಲು ಸೈಕಲ್ ಮೇಲೆ ಓಡಾಡುವ ಮನುಷ್ಯನಿಗೆ ಇನ್ನೊಂದು ಕೆಲಸ ಹೊರಿಸಿದೆವು. ಅದಕ್ಕೆ ಸಂಬಳ ಸೇರಿಸಲಿಲ್ಲ, ಹೊತ್ತು ಕೊಡಲಿಲ್ಲ, ಆ ಮಾಹಿತಿಯಿಂದ ಅವನ ಕೆಲಸ ಹಗುರವಾಗುವಂತೆಯೂ ಮಾಡಲಿಲ್ಲ. ಹಾಗಿರುವಾಗ ಅವನು ಯಾಕೆ ಮಾಡಬೇಕು?

ನಾನು ಇವತ್ತು ಹೇಳಲು ಬಂದ ಮಾತು ಇಲ್ಲಿಂದಲೇ ಹೊರಡುತ್ತದೆ. ಕೊಳವೆ ಜಾಲದ ನಕ್ಷೆ ಒಮ್ಮೆ ಮಾಡಿ ಮುಗಿಸುವ ಯೋಜನೆ ಆಗಲಾರದು. ಕಿರಾಣಿ ಅಂಗಡಿಯ ಕಿರ್ದಿಯಂತೆ ದಿನದ ವ್ಯವಹಾರ ದಿನವೇ ಬರೆದರೆ ಮಾತ್ರ ಅದಕ್ಕೆ ಬೆಲೆ. ಬೆಂಗಳೂರು ಜಲಮಂಡಳಿ 2000ರ ದಶಕದಲ್ಲೇ ಫ್ರೆಂಚ್ ನೆರವಿನಿಂದ ಜಿಐಎಸ್ ಕಟ್ಟಲು ಹೊರಟಿತು, ದೇಶದಲ್ಲಿ ಮೊದಲಿಗರ ಸಾಲಿನಲ್ಲಿತ್ತು. ಆ ಮೇಲೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಒಮ್ಮೆಲೇ ಊರಿಗೆ ಸೇರಿದವು. ಊರು ಹೀಗೆ ಬೆಳೆಯುವಾಗ ನಕ್ಷೆ ಅದರ ಹಿಂದೆ ಓಡಬೇಕು. ಸಣ್ಣ ಊರುಗಳಲ್ಲಿ ಆಗುವುದು ಇನ್ನೂ ಬೇಸರದ್ದು. ಯೋಜನೆಯ ಹಣದಲ್ಲಿ ಖಾಸಗಿ ಸಂಸ್ಥೆಯೊಂದು ಬಂದು ಸರ್ವೇ ಮಾಡುತ್ತದೆ, ಬಣ್ಣದ ಹಾಳೆ ಮುದ್ರಿಸಿ ಕಚೇರಿಯ ಗೋಡೆಗೆ ಹಾಕುತ್ತದೆ, ಪಿಡಿಎಫ್ ಇರುವ ಸಿಡಿ ಕೊಟ್ಟು ಅಂತಿಮ ಬಿಲ್ಲು ಪಡೆದು ಹೋಗುತ್ತದೆ. ಮರುದಿನ ಒಬ್ಬ ಫಿಟ್ಟರ್ ಒಂದು ವಾಲ್ವ್ ಬದಲಿಸುತ್ತಾನೆ. ಅಂದಿನಿಂದ ಆ ನಕ್ಷೆ ಸುಳ್ಳಾಗಲು ಶುರುವಾಗುತ್ತದೆ.

ಇದಕ್ಕೆ ಪರಿಹಾರ ತಂತ್ರಾಂಶದಲ್ಲಿಲ್ಲ, ನಮ್ಮ ಎಂ.ಬಿ. ಪುಸ್ತಕದಲ್ಲಿದೆ. ಎಂ.ಬಿ. ಎಂದರೇನೆಂದು ಇಲಾಖೆಯವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಗುತ್ತಿಗೆದಾರ ಮಾಡಿದ ಕೆಲಸದ ಅಳತೆಯನ್ನು ಕಿರಿಯ ಎಂಜಿನಿಯರ್ ಬರೆದು ಸಹಿ ಹಾಕುವ ಪುಸ್ತಕ ಅದು. ಅದರಲ್ಲಿ ಬರೆಯದೆ ಒಂದು ರೂಪಾಯಿ ಬಿಲ್ಲೂ ಪಾಸಾಗುವುದಿಲ್ಲ. ನೂರು ವರ್ಷಕ್ಕೂ ಹಳೆಯ ಶಿಸ್ತು, ಎಲ್ಲರೂ ಪಾಲಿಸುತ್ತಾರೆ. ಇದೇ ಶಿಸ್ತಿಗೆ ನಕ್ಷೆಯನ್ನು ಕಟ್ಟಿಹಾಕಬೇಕು. ಗುಂಡಿ ಮುಚ್ಚುವ ಮೊದಲು ತೆರೆದ ಕೊಳವೆಯ ಫೋಟೋ, ಅಳತೆ, ಸ್ಥಳದ ಗುರುತು ನಕ್ಷೆಗೆ ಏರಬೇಕು. ಏರಿದ ನಂಬರು ಎಂ.ಬಿ.ಯಲ್ಲಿ ಇಲ್ಲದಿದ್ದರೆ ಬಿಲ್ಲು ಇಲ್ಲ. ಇಲಾಖೆಯ ಸ್ವಂತ ಫಿಟ್ಟರ್ ಮಾಡಿದ ದುರಸ್ತಿಗೂ ಇದೇ ನಿಯಮ. ಅವನ ಫೋನಿನಲ್ಲಿ ಈ ಗುರುತು ತುಂಬುವ ಪುಟ ಕನ್ನಡದಲ್ಲಿರಬೇಕು, ಬೆರಳಲ್ಲಿ ನಾಲ್ಕು ಕಡೆ ಒತ್ತಿದರೆ ಮುಗಿಯಬೇಕು. ಓಣಿಯ ಹೆಸರು ಜನ ಕರೆಯುವ ಹೆಸರೇ ಆಗಿರಬೇಕು. ಅವನು ಹಾಕಿದ ಗುರುತಿನ ಪಕ್ಕದಲ್ಲಿ ಅವನ ಹೆಸರು ಉಳಿಯಬೇಕು.

ದೊಡ್ಡ ಖರ್ಚಿನ ತಂತ್ರಾಂಶ ಬೇಕೆಂದು ಯಾರಾದರೂ ಹೇಳಿದರೆ ಅವಸರದಿಂದ ಒಪ್ಪಬೇಡಿ. 2002ರಲ್ಲಿ ಹುಟ್ಟಿದ ಕ್ಯೂಜಿಐಎಸ್ ಉಚಿತವಾಗಿದೆ, ಸಣ್ಣ ಪುರಸಭೆಗೆ ಬೇಕಾದಷ್ಟು ಕೆಲಸ ಮಾಡುತ್ತದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿದ ಮೇಲೆ ಭಾರತೀಯ ಸಂಸ್ಥೆಗಳು ನಕ್ಷೆ ಮಾಡಲು ಮುಂಚಿತ ಅನುಮತಿಗೆ ಅಲೆಯಬೇಕಿಲ್ಲ. ರಸ್ತೆ ಅಗೆಯುವವರು ಮೊದಲೇ ತಿಳಿಸಲೆಂದು 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಂದಿದೆ. ಕೇಬಲ್ ಹಾಕುವವರು ಅದರಲ್ಲಿ ಕೇಳಿದಾಗ "ನಮ್ಮ ಪೈಪು ಇಲ್ಲಿದೆ" ಎಂದು ಉತ್ತರ ಕೊಡಲು ನಮ್ಮ ಹತ್ತಿರ ನಕ್ಷೆ ಇರಬೇಕಷ್ಟೆ.

ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗಗಳ ಬಗ್ಗೆಯೂ ಒಂದು ಮಾತು. ಹಕ್ಕುಪತ್ರವಿಲ್ಲದ ಬಡಾವಣೆ, ಕೊಳೆಗೇರಿ, ಊರಾಚೆಯ ಕಾಲೋನಿಗಳಲ್ಲಿ ಜನ ತಾವೇ ಎಳೆದುಕೊಂಡ ಸಣ್ಣ ಪೈಪುಗಳಿರುತ್ತವೆ. ಅಧಿಕೃತವಲ್ಲ ಎಂಬ ಕಾರಣಕ್ಕೆ ಸರ್ವೇಯವರು ಅವನ್ನು ಬಿಟ್ಟುಬಿಡುತ್ತಾರೆ. ಪರದೆಯ ಮೇಲೆ ಅಲ್ಲಿ ಊರೇ ಇಲ್ಲದಂತೆ ಬಿಳಿ ಜಾಗ ಕಾಣುತ್ತದೆ. ಮುಂದಿನ ಆಯವ್ಯಯ ಆ ನಕ್ಷೆ ನೋಡಿಯೇ ಆಗುವುದರಿಂದ ಹಣವೂ ಆ ಜಾಗವನ್ನು ದಾಟಿ ಹೋಗುತ್ತದೆ. ಚರಂಡಿಯೊಳಗೇ ಹಾದುಹೋಗುವ ಕೊಳವೆಗಳು ಹೆಚ್ಚಾಗಿರುವುದೂ, ರೋಗ ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ. ಸರ್ವೇ ಅಲ್ಲಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ನಕ್ಷೆ ಸಾರ್ವಜನಿಕರಿಗೆ ಸಿಗಬೇಕೇ? ದೊಡ್ಡ ಕೊಳವೆ, ಪಂಪ್‌ಹೌಸುಗಳ ಸೂಕ್ಷ್ಮ ವಿವರ ಕಚೇರಿಯಲ್ಲೇ ಇರಲಿ. ವಲಯದ ಗಡಿ, ನೀರು ಬಿಡುವ ದಿನ ಮತ್ತು ಹೊತ್ತು, ಕೊಳವೆಯ ವಯಸ್ಸು, ಕಳೆದ ವರ್ಷ ಎಷ್ಟು ಸಲ ಒಡೆದಿದೆ, ನೀರಿನ ಮಾದರಿಯ ಫಲಿತಾಂಶ ಏನು ಬಂದಿದೆ ಎಂಬುದನ್ನು ಬಚ್ಚಿಡಲು ಕಾರಣವೇ ಇಲ್ಲ. ಬಿಲ್ಲು ಕಟ್ಟುವವರು ನೋಡಲಿ.

ಪಾಲಿಕೆಯ ಸದಸ್ಯರಲ್ಲಿ ಮತ್ತು ಅಧಿಕಾರಿಗಳಲ್ಲಿ ನನ್ನ ವಿನಂತಿ. ಮುಂದಿನ ನೀರು ಸರಬರಾಜು ಟೆಂಡರಿಗೆ ಸಹಿ ಹಾಕುವ ಮೊದಲು ಅದರಲ್ಲಿ ಮೂರು ಮಾತು ಬರೆಸಿ. ನಕ್ಷೆಯ ಮೂಲ ಕಡತಗಳು, ತಿದ್ದಲು ಬರುವ ರೂಪದಲ್ಲಿ, ಪಾಲಿಕೆಯ ಸ್ವತ್ತು. ನಕ್ಷೆಗೆ ಏರದ ಕೆಲಸಕ್ಕೆ ಹಣವಿಲ್ಲ. ನಿವೃತ್ತ ವಾಲ್ವ್‌ಮನ್‌ಗಳನ್ನು ಕರೆಸಿ ಕೂಲಿ ಕೊಟ್ಟು ಗುರುತು ಹಾಕಿಸುವುದು ಸರ್ವೇಯ ಮೊದಲ ಬಾಬ್ತು. ಜೊತೆಗೆ ಕಚೇರಿಯಲ್ಲಿ ಈ ನಕ್ಷೆಗೆಂದೇ ಒಬ್ಬ ಕಾಯಂ ನೌಕರರನ್ನು ನೇಮಿಸಿ, ಅವರನ್ನು ಚುನಾವಣೆ ಕೆಲಸಕ್ಕೂ ಜನಗಣತಿಗೂ ಎಳೆಯಬೇಡಿ.

ಮನೆಯವರಲ್ಲಿಯೂ ಒಂದು ಕೋರಿಕೆ. ನಿಮ್ಮ ಮನೆ ಮುಂದೆ ನೀರಿನ ಪೈಪಿಗಾಗಿ ಗುಂಡಿ ತೆಗೆದಾಗ, ಮುಚ್ಚುವ ಮೊದಲು ಗೋಡೆಯಿಂದ ಪೈಪಿನವರೆಗೆ ಟೇಪು ಹಿಡಿದು ಒಂದು ಫೋಟೋ ತೆಗೆಯಿರಿ. ದಿನಾಂಕ, ಓಣಿಯ ಹೆಸರು ಬರೆದು ನಿಮ್ಮ ವಾರ್ಡಿನ ನೀರು ಸರಬರಾಜು ಕಚೇರಿಗೆ ಕೊಟ್ಟು, ಸ್ವೀಕೃತಿ ಕೇಳಿ ಪಡೆಯಿರಿ.